ಮಹಾದೇವಮ್ಮನ ಉಪಗ್ರಹದ ಪಾಲು

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ, ಬೆಂಗಳೂರಿನ ಹೊರವಲಯದಲ್ಲಿರುವ ಮೇಘಶಿಲ್ಪ ಎಲೆಕ್ಟ್ರಾನಿಕ್ಸ್ ಕಂಪನಿಯ ಗೇಟಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಹಸಿರು ವೈರಿನ ಬುಟ್ಟಿ. ಅದರಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಊದುಬತ್ತಿ, ಒಂದು ಹಿಡಿ ಗರಿಕೆ. ಕಾವಲಿನವನು ಬುಟ್ಟಿ ನೋಡಿದ.

‘ಆಯುಧಪೂಜೆ ಮುಗ್ದು ಯಾವ ಕಾಲ ಆಯ್ತು ತಾಯಿ.’

‘ಆಯುಧಪೂಜೆಗಲ್ಲ ಕಣಪ್ಪ, ರಾಶಿ ಪೂಜೆಗೆ ಬಂದಿವ್ನಿ. ನಾನು ಈ ಕಂಪ್ನಿ ಪಾಲುಗಾರ್ತಿ.’

ಅವನು ನಗಲಿಲ್ಲ. ಇಂಥವರನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಫೋನ್ ಮಾಡಿದ.

ಆ ಹೆಂಗಸು ಸತ್ತೇಗಾಲದ ಮಹಾದೇವಮ್ಮ. ವಯಸ್ಸು ಐವತ್ತು ದಾಟಿದೆ. ಗಂಡ ಕೆಂಪನಂಜಪ್ಪನವರಿಗೆ ಕಾವೇರಿ ಬಯಲಿನಲ್ಲಿ ಗದ್ದೆ, ಮನೆಯ ಹಿಂದೆ ತೆಂಗು. ಒಬ್ಬಳೇ ಮಗಳನ್ನು ಯಳಂದೂರಿಗೆ ಕೊಟ್ಟಿದ್ದಾರೆ. ಉಪಗ್ರಹಗಳಿಗೆ ವಿದ್ಯುತ್ ಉಪಕರಣ ಮಾಡುವ ಮೇಘಶಿಲ್ಪದ ಕೆಲವು ಷೇರುಗಳು ಮಹಾದೇವಮ್ಮನವರ ಹೆಸರಿನಲ್ಲಿವೆ. ಅವು ಎಷ್ಟು ಎಂದು ಕೇಳಿದರೆ ಅವರು ಹೇಳುವುದಿಲ್ಲ. ಹೊಲ ಎಷ್ಟಿದೆ ಎಂದು ಹೊರಗಿನವರು ಕೇಳಿದರೂ ಆ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ.

ರಾಶಿಯ ವಿಷಯ ಬಂದದ್ದು ಅಜ್ಜೀಪುರದಿಂದ. ಅಲ್ಲಿ ಅವರಿಗೆ ತಾಯಿಯ ಕಡೆಯಿಂದ ಬಂದ ಒಂದಿಷ್ಟು ಹೊಲವಿದೆ. ಪುಟ್ಟಮಾದಪ್ಪ ಎಂಬವರು ಅದನ್ನು ವಾರಕ್ಕೆ ಮಾಡುತ್ತಾರೆ. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಬಿತ್ತನೆಗೆ, ಕಳೆಗೆ, ಕೊಯ್ಲಿಗೆ ಮಹಾದೇವಮ್ಮ ಹೋಗದಿದ್ದರೂ ನಡೆಯುತ್ತದೆ. ರಾಶಿಯ ದಿನ ಹೋಗದೆ ಇರುವಂತಿಲ್ಲ. ಈಗ ಒಕ್ಕಣೆ ಯಂತ್ರದಲ್ಲಿ, ರಾಗಿ ಬೀಳುವುದು ಟಾರ್ಪಾಲಿನ ಮೇಲೆ. ಸಗಣಿ ಬಳಿದ ಕಣ ಹೋಗಿ ಬಹಳ ದಿನವಾಯಿತು. ಆದರೂ ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸುತ್ತಾರೆ. ಚಪ್ಪಲಿಯನ್ನು ದೂರ ಬಿಡುತ್ತಾರೆ. ಮೊದಲ ಕೊಳಗ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಪಾಲಿನವರು ಬಂದು ರಾಶಿಯನ್ನು ಕಣ್ಣಾರೆ ನೋಡುವವರೆಗೆ ಕೊಳಗ ಮುಟ್ಟುವುದಿಲ್ಲ.

ಒಂದು ವರ್ಷ ಹನೂರಿನ ಹತ್ತಿರ ಬಸ್ಸು ಕೆಟ್ಟು ಮಹಾದೇವಮ್ಮ ಅಜ್ಜೀಪುರ ಸೇರುವಾಗ ಹೊತ್ತು ಇಳಿದಿತ್ತು. ಪುಟ್ಟಮಾದಪ್ಪ ರಾಶಿಗೆ ಗೋಣಿತಾಟು ಹೊದಿಸಿ, ಆಳುಗಳ ಜೊತೆ ಬೇವಿನ ಮರದಡಿ ಕೂತಿದ್ದರು.

‘ಅಳ್ದು ಕಟ್ಟಿ ಮಡುಗ್ಬಾರ್ದಾಗಿತ್ತಾ ಮಾದಪ್ಪ? ನಿನ್ ಮೇಲೆ ನಂಗೇನು ಅನುಮಾನ್ವಾ?’

‘ಅನುಮಾನದ ಮಾತಲ್ಲ ಕಣವ್ವ. ರಾಶಿ ಕಾಣ್ದೆ ಪಾಲು ತಕಂಡ್ರ ಅದು ಬಿಕ್ಸ ಆಯ್ತದ. ನಿಮ್ಮನ್ನ ಬಿಕ್ಸದೋರು ಮಾಡಾಕೆ ನಂಗೇನ್ ದಾಡಿ?’

ಮೇಘಶಿಲ್ಪ ಮೊದಲ ಸಲ ಲಾಭಾಂಶ ಕೊಟ್ಟಾಗ ಮಹಾದೇವಮ್ಮನ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂತು. ಮೈದುನನ ಮಗಳು ಭವ್ಯಶ್ರೀ ಅದನ್ನು ಓದಿ ಹೇಳಿದಳು. ಅವಳು ಕೊಳ್ಳೇಗಾಲದಲ್ಲಿ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ದೊಡ್ಡಮ್ಮನ ಷೇರು ಖಾತೆ ತೆರೆದುಕೊಟ್ಟವಳೂ ಅವಳೇ. ದೊಡ್ಡಮ್ಮ ಖುಷಿಪಡುತ್ತಾರೆ ಎಂದುಕೊಂಡಿದ್ದಳು. ಅವರ ಮುಖ ಸಣ್ಣದಾಯಿತು.

‘ನಾನು ನೋಡೇ ಇಲ್ವಲ್ಲ, ಆಗ್ಲೇ ಅಳ್ದು ಕಳಿಸ್ಬುಟ್ರಾ?’

ಅಜ್ಜೀಪುರದ ರಾಶಿ ಮುಗಿದ ಮೇಲೆ ಅವರು ಬುಟ್ಟಿ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದ್ದು ಹೀಗೆ.

ಆದರೆ ರಾಶಿಯ ಪದ್ಧತಿಯೊಂದೇ ಅವರನ್ನು ಆ ಗೇಟಿಗೆ ಕರೆದೊಯ್ದದ್ದಲ್ಲ. ಅವರಿಗೆ ಆ ಕಂಪನಿಯ ಒಳಗೆ ಹೋಗಬೇಕಿತ್ತು. ಒಂದು ಸಲ. ಆ ಆಸೆ ಷೇರಿಗಿಂತ ಬಹಳ ಹಳೆಯದು.

ಮಹಾದೇವಮ್ಮ ಹುಟ್ಟಿ ಬೆಳೆದದ್ದು ಕೊಳ್ಳೇಗಾಲದಲ್ಲಿ. ಅಪ್ಪ ಮನೆಯ ಹಿತ್ತಲಿನಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಎತ್ತುವುದನ್ನು ಮಹಾದೇವಮ್ಮ ಅಕ್ಷರಕ್ಕಿಂತ ಮೊದಲೇ ಕಲಿತರು. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನ ರಾಜಾಜಿನಗರದಲ್ಲಿದ್ದ ಸೋದರತ್ತೆಯ ಮನೆ ಸೇರಿದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದಲ್ಲಿ ಆಗ ಒಂದು ಶೆಡ್ಡಿನಲ್ಲಿದ್ದ ಮೇಘಶಿಲ್ಪಕ್ಕೆ ಸಣ್ಣ ಕೈಯ ಹುಡುಗಿಯರು ಬೇಕಿದ್ದರು.

ಕೆಲಸ ಇಷ್ಟು: ಬಳೆಗಿಂತ ಬಹಳ ಸಣ್ಣದಾದ, ಕಪ್ಪು ಉಂಗುರದಂಥ ತುಂಡಿಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಒಳಗಿಂದ ಹೊರಕ್ಕೆ ತಂದು ಸುತ್ತುತ್ತಾ ಹೋಗಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಬಾರದು. ತಂತಿಯ ಮೇಲಿನ ಲೇಪ ಉಗುರಿಗೆ ತಾಗಿದರೂ ಆ ಉಂಗುರ ತಿಪ್ಪೆಗೆ. ಹೀಗೆ ಸುತ್ತಿದ ಕಾಯಿಲ್ ಬೇರೆ ಕಟ್ಟಡಕ್ಕೆ ಹೋಗಿ, ಡಬ್ಬಿಯೊಳಗೆ ಸೇರಿ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತಿತ್ತು. ‘ಮೇಲೆ ಹೋಗುತ್ತೆ’ ಎಂದಷ್ಟೇ ಮೇಸ್ತ್ರಿ ಹೇಳುತ್ತಿದ್ದರು. ಉಪಗ್ರಹ ಹೇಗಿರುತ್ತದೆ ಎಂದು ಆ ಶೆಡ್ಡಿನ ಹುಡುಗಿಯರು ಯಾರೂ ನೋಡಿರಲಿಲ್ಲ.

ಬಳೆ ತೆಗೆದು ಕೂರಬೇಕು. ಹೂ ಮುಡಿಯುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಮೇಜಿನ ಮೇಲಿನ ದೀಪ ಹೊತ್ತಿಸಿ ಸುತ್ತಲು ಕೂತವಳನ್ನು ಯಾರೂ ಕರೆಯಬಾರದು. ಕರೆದರೆ ಎಣಿಕೆ ತಪ್ಪುತ್ತದೆ. ಊಟದ ಹೊತ್ತಾದರೂ, ಮಾಲೀಕರೇ ಬಂದು ನಿಂತರೂ, ಆ ಉಂಗುರ ಮುಗಿಯುವವರೆಗೆ ಕಾಯಬೇಕು. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ಅತ್ತೆ ಎಲ್ಲರ ಕರೆಗೂ ಓಗೊಟ್ಟು ಬೆಳೆದ ಹುಡುಗಿಗೆ ಈ ಕಟ್ಟಳೆ ಮೊದಮೊದಲು ಹೆದರಿಕೆ ಹುಟ್ಟಿಸಿತು. ಆಮೇಲೆ ಅದಕ್ಕಾಗಿಯೇ ಬೆಳಿಗ್ಗೆ ಬೇಗ ಏಳತೊಡಗಿದರು.

ಎರಡು ವರ್ಷ ತುಂಬುವುದರೊಳಗೆ ಮದುವೆ ಗೊತ್ತಾಯಿತು. ಯಾರೂ ಬಲವಂತ ಮಾಡಲಿಲ್ಲ. ಅವರೂ ಬೇಡವೆನ್ನಲಿಲ್ಲ. ಕರೆದೊಯ್ಯಲು ಅಣ್ಣ ಪೀಣ್ಯಕ್ಕೆ ಬಂದ ದಿನ ಅವರ ಕೈಯಲ್ಲಿದ್ದ ಉಂಗುರ ಅರ್ಧ ಸುತ್ತಿ ಆಗಿತ್ತು. ಅಣ್ಣ ಹೊರಗಿನಿಂದ ಕರೆದರು. ಕೊಳ್ಳೇಗಾಲದ ಬಸ್ಸಿಗೆ ಹೊತ್ತಾಗಿತ್ತು. ಒಬ್ಬರ ಕೈ ಅರ್ಧ ಸುತ್ತಿದ್ದನ್ನು ಇನ್ನೊಬ್ಬರು ಮುಂದುವರಿಸುವ ಹಾಗಿರಲಿಲ್ಲ. ಎಳೆತದ ಹದ ಬೇರೆಯಾಗುತ್ತದೆ. ಅದನ್ನು ಮೇಜಿನ ಮೇಲೆ ಬಿಟ್ಟು ಎದ್ದರು.

ಸತ್ತೇಗಾಲದಲ್ಲಿ ಅವರ ಬಾಳು ಚೆನ್ನಾಗಿಯೇ ನಡೆಯಿತು ಎಂದು ಎಲ್ಲರೂ ಹೇಳುತ್ತಾರೆ, ಅವರೂ ಹೇಳುತ್ತಾರೆ. ಅತ್ತೆ ಒಳ್ಳೆಯವರು. ಗಂಡ ಕೂಗಾಡುವವರಲ್ಲ. ಆದರೆ ಕರೆಯುತ್ತಾರೆ. ಬೀಗದ ಕೈಗೆ, ಬಿಸಿನೀರಿಗೆ, ಕರು ಹಗ್ಗ ಬಿಚ್ಚಿಕೊಂಡರೆ, ಬಾಗಿಲಲ್ಲಿ ಯಾರೋ ನಿಂತರೆ, ಬೆಳಗಿನಿಂದ ‘ಮಾದೇವೀ’ ಎಂಬ ಕೂಗು ಆ ಮನೆಯಲ್ಲಿ ನಿಂತದ್ದಿಲ್ಲ. ಅವರು ಅದರ ಬಗ್ಗೆ ದೂರಿದವರಲ್ಲ. ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ಎಡಗೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೇ ಏನನ್ನೋ ಹಿಡಿದು ತಿರುಗಿಸುವುದನ್ನು ಮಗಳು ಚಿಕ್ಕಂದಿನಿಂದ ನೋಡಿದ್ದಾಳೆ.

ಷೇರು ಕೊಂಡದ್ದು ಮೂರು ವರ್ಷದ ಹಿಂದೆ. ಮೇಘಶಿಲ್ಪ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ಬಿಡುತ್ತದೆ ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿತ್ತು. ಭವ್ಯಶ್ರೀ ಓದುತ್ತಿದ್ದಾಗ ಆ ಹೆಸರು ದೊಡ್ಡಮ್ಮನ ಕಿವಿಗೆ ಬಿತ್ತು.

‘ಏನಂದೆ? ಇನ್ನೊಂದ್ಸಲ ಓದು.’

ಓದಿದಳು. ಖಾಸಗಿ ಕಂಪನಿಗಳಿಗೂ ಉಪಗ್ರಹ ಕಟ್ಟಲು ಅವಕಾಶ ಸಿಕ್ಕಿದೆ, ಮೇಘಶಿಲ್ಪ ಈಗ ಬಿಡಿಭಾಗ ಬಿಟ್ಟು ಇಡೀ ಉಪಗ್ರಹವನ್ನೇ ಜೋಡಿಸುತ್ತದೆ ಎಂದೆಲ್ಲ ಇತ್ತು. ಮಹಾದೇವಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಷೇರು ಅಂದ್ರ ಪಾಲೇ ಅಲ್ವಾ?’

‘ಊಂ, ಪಾಲೇ ದೊಡ್ಡಮ್ಮ. ಅದ್ರಲ್ಲಿ ಅಪಾಯಾನೂ ಅದೆ. ರಾಕೆಟ್ ಏರ್ನಿಲ್ಲ ಅಂದ್ರೆ ದುಡ್ಡು ಬಿತ್ತು.’

‘ಮಳೆ ಬರ್ನಿಲ್ಲ ಅಂದ್ರ ಅಜ್ಜೀಪುರದ್ದೂ ಬೀಳ್ತದ. ತೆಗಿ ಖಾತೆ.’

ಅರ್ಜಿ ಹಾಕಿದರು, ಮೊದಲ ಸಲ ಸಿಗಲಿಲ್ಲ. ಕೇಳಿದವರು ಹೆಚ್ಚಾದ್ದರಿಂದ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಆಮೇಲೆ ಮಾರುಕಟ್ಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಂಡರು. ಒಂದು ಉಡಾವಣೆ ಚೆನ್ನಾಗಿ ಆದಾಗ ಬೆಲೆ ಏರಿತು. ಕೆಂಪನಂಜಪ್ಪ ಜಗುಲಿಯಲ್ಲಿ ಕಾಯಿ ಸುಲಿಯುತ್ತಾ ಹೇಳಿದರು:

‘ದುಪ್ಪಟ್ಟಾಗ್ಯದಂತೆ ಕಣಮ್ಮಿ. ಅರ್ಧ ಮಾರ್ಬುಡು.’

‘ಹೊಲ ಮಾರ್ಬುಟ್ಟು ರಾಶಿತಾವ್ಕೆ ಓದ್ರ ಯಾರ್ ನಿಂತ್ಕಳಾಕೆ ಬುಟ್ಟಾರು?’

‘ಅರ್ಧ ಅಂದೆ, ಪೂರಾ ಅಂದ್ನಾ?’

‘ಅರ್ಧ ಮಾರುದ್ರ ಗೇಟಿನ್ ತಾವ್ಕೆ ಬುಡ್ತಾರೆ, ಒಳಕ್ಕೆ ಬುಡಾಕಿಲ್ಲ.’

ಮುಂದಿನ ಉಡಾವಣೆ ತಡವಾಯಿತು, ಬೆಲೆ ಇಳಿಯಿತು. ‘ಮೇಲಕ್ಕೆ ಓಗೋ ವ್ಯಾಪಾರ ಅಂದಲ್ಲ, ಈಗ ಯಾವ ಕಡೆಗೆ ಓಯ್ತಾ ಅದೆ?’ ಎಂದು ಕೆಂಪನಂಜಪ್ಪ ದಿನಾ ಕಾಫಿಯ ಹೊತ್ತಿಗೆ ಕೇಳಿದರು. ಮಹಾದೇವಮ್ಮ ಬೆಲೆ ನೋಡುವುದನ್ನೇ ಬಿಟ್ಟರು. ಅವರಿಗೆ ಅದು ಬೇಕೂ ಇರಲಿಲ್ಲ.

ಗೇಟಿನಲ್ಲಿ ಅಂದು ಒಳಗಿನಿಂದ ಬಂದ ಸ್ವಾಗತ ವಿಭಾಗದ ಹುಡುಗಿ ಒರಟಾಗಿ ಮಾತಾಡಲಿಲ್ಲ. ಕುರ್ಚಿ ಹಾಕಿಸಿ ಟೀ ಕೊಡಿಸಿದಳು. ಷೇರುದಾರರು ಸಾವಿರಾರು ಜನ, ಎಲ್ಲರನ್ನೂ ಬಿಡಲಾಗುವುದಿಲ್ಲ ಎಂದಳು. ಮೊಬೈಲಿನಲ್ಲಿದ್ದ ಖಾತೆ ತೋರಿಸಿದರೂ ಆಗಲಿಲ್ಲ. ‘ವರ್ಷಕ್ಕೊಂದು ಮಹಾಸಭೆ ಇರತ್ತಮ್ಮ. ಅದರಲ್ಲಿ ಮಾತಾಡೋಕೆ ನೀವು ಹೆಸರು ಕೊಡಬಹುದು. ಅಲ್ಲಿ ಕೇಳಿ.’

ಗೇಟಿನ ಪಕ್ಕದ ಪುಟ್ಟ ಗಣಪತಿಗೆ ಕಾಯಿ ಒಡೆದು ಮಹಾದೇವಮ್ಮ ಊರಿಗೆ ಬಂದರು.

ಮಹಾಸಭೆ ಸೆಪ್ಟೆಂಬರಿನಲ್ಲಿ ಬಂತು. ಈಗ ಅದು ನಡೆಯುವುದು ಯಾವುದೇ ಸಭಾಂಗಣದಲ್ಲಲ್ಲ, ಕಂಪ್ಯೂಟರಿನ ತೆರೆಯ ಮೇಲೆ. ಭವ್ಯಶ್ರೀ ರಜೆ ಹಾಕಿ ಲ್ಯಾಪ್‌ಟಾಪ್ ತಂದು ನಡುಮನೆಯಲ್ಲಿ ಕೂರಿಸಿದಳು. ಮಹಾದೇವಮ್ಮ ಕೊಳ್ಳೇಗಾಲದ ರೇಷ್ಮೆ ಉಟ್ಟಿದ್ದರು. ಕೆಂಪನಂಜಪ್ಪ ತೆರೆಗೆ ಕಾಣದ ಹಾಗೆ ಕಂಬದ ಮರೆಯಲ್ಲಿ ಕುಳಿತರು.

ಮೊದಲು ಮಾತಾಡಿದವರು ಮುಂಬೈ, ಕೋಲ್ಕತ್ತದ ಕಡೆಯವರು. ಆಡಳಿತವನ್ನು ಹೊಗಳಿದರು, ಬೋನಸ್ ಷೇರು ಕೇಳಿದರು, ವಿದೇಶಿ ಆರ್ಡರುಗಳ ಬಗ್ಗೆ ಕೇಳಿದರು. ಒಬ್ಬರು ಹಿಂದಿಯಲ್ಲಿ ಪದ್ಯವನ್ನೇ ಓದಿದರು.

‘ಇವ್ರೇನು ಹರಕತೆ ಮಾಡಾಕೆ ಬಂದವ್ರಾ?’ ಎಂದರು ಕೆಂಪನಂಜಪ್ಪ ಕಂಬದ ಮರೆಯಿಂದ.

‘ದೊಡ್ಡಪ್ಪ, ಮೈಕ್ ಆನ್ ಆಗ್ಯದೆ, ಸುಮ್ಕಿರಿ!’

ಮಹಾದೇವಮ್ಮನ ಹೆಸರು ಬಂತು. ಅವರು ಕೈ ಮುಗಿದರು.

‘ನಮಸ್ಕಾರ ಸಾ. ನಾನು ಮಹಾದೇವಮ್ಮ, ಸತ್ತೇಗಾಲ. ನಿಮ್ಮ ಕಂಪ್ನಿ ಪೀಣ್ಯದ ಶೆಡ್ಡಲ್ಲಿದ್ದಾಗ ನಾನು ಅಲ್ಲಿ ಕಾಯಿಲ್ ಸುತ್ತುತಿದ್ದೆ. ಸುತ್ತಿದ್ದು ಎಲ್ಲೋಯ್ತು ಅಂತ ಗೊತ್ತಿಲ್ಲ. ಪಾಲು ಕಳಿಸಿದ್ರಿ, ಸಂತೋಷ. ಒಂದ್ಸಲ ಒಳಕ್ಕೆ ಬಂದು ನೋಡ್ಬೇಕು. ಅಷ್ಟೇಯ.’

ಅಧ್ಯಕ್ಷರು ಅದುವರೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವರು ಕನ್ನಡಕ್ಕೆ ಬಂದರು. ಆ ಕಾಲದಲ್ಲಿ ಯಾರು ಯಾವುದನ್ನು ಸುತ್ತಿದರು ಎಂಬ ಲೆಕ್ಕ ಈಗ ಇಲ್ಲ ಎಂದರು. ಆ ವರ್ಷಗಳ ಸಾಮಾನು ಸೇರಿದ ಉಪಗ್ರಹಗಳು ಕೆಲಸ ಮುಗಿಸಿವೆ. ಬಹಳ ಎತ್ತರದಲ್ಲಿ ಇದ್ದವನ್ನು ಕೊನೆಯಲ್ಲಿ ಇನ್ನೂ ಸ್ವಲ್ಪ ಮೇಲಕ್ಕೆ ತಳ್ಳಿ, ಎಲ್ಲವನ್ನೂ ಆರಿಸಿ ಬಿಟ್ಟುಬಿಡುತ್ತಾರೆ.

‘ಆಮ್ಯಾಕೆ ಬೀಳಾಕಿಲ್ವಾ ಸಾ?’

‘ನಮ್ಮ ನಿಮ್ಮ ಕಾಲದಲ್ಲಂತೂ ಬೀಳಲ್ಲಮ್ಮ. ಅಲ್ಲೇ ಸುತ್ತುತ್ತಾ ಇರುತ್ತವೆ.’

ಒಳಗೆ ಬರುವ ಮಾತಿಗೆ, ಷೇರುದಾರರಿಗೆ ಒಂದು ದಿನ ಕಾರ್ಖಾನೆ ತೋರಿಸುವ ಏರ್ಪಾಡು ಮಾಡುತ್ತೇವೆ ಎಂದು ಅಧ್ಯಕ್ಷರು ಹೇಳಿ ಮುಂದಿನವರ ಹೆಸರಿಗೆ ಹೋದರು. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಮಹಾದೇವಮ್ಮ ಅದರ ಮುಂದೆಯೇ ಕೂತಿದ್ದರು. ಎಲ್ಲವನ್ನೂ ಆರಿಸಿ ಬಿಟ್ಟರೆ ಅದಕ್ಕೆ ತಾನು ಇನ್ನೂ ಅಲ್ಲಿದ್ದೇನೆಂದು ಹೇಗೆ ತಿಳಿಯುತ್ತದೆ ಎಂದು ಭವ್ಯಶ್ರೀಯನ್ನು ಕೇಳಿದರು.

ಕಂಪನಿ ಮಾತು ಉಳಿಸಿಕೊಂಡಿತು. ನವೆಂಬರಿನಲ್ಲಿ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ಕೆಂಪನಂಜಪ್ಪನವರ ಹೆಸರಿನಲ್ಲಿ ಷೇರು ಇಲ್ಲದ್ದರಿಂದ ಅವರನ್ನು ಗೇಟಿನಲ್ಲೇ ನಿಲ್ಲಿಸಿದರು.

‘ನಾನೂ ಒಂದ್ ತಕಂಡಿದ್ರ ಬುಡೋರಾ?’

‘ಮಾರು ಮಾರು ಅಂತಿದ್ರಲ್ಲ. ಈಗ ಅಲ್ಲೋಗಿ ಟೀ ಕುಡೀರಿ.’

ಒಳಗೆ ಹೋದವರು ಒಂದು ಸಣ್ಣ ಬಸ್ಸಿನಷ್ಟು ಜನ. ಮೊಬೈಲುಗಳನ್ನು ತೆಗೆದಿಟ್ಟುಕೊಂಡರು. ಕಾಲಿಗೆ ಹಾಕಲು ನೀಲಿ ಚೀಲ ಕೊಟ್ಟರು. ಮಹಾದೇವಮ್ಮ ಚಪ್ಪಲಿಯನ್ನೇ ಬಾಗಿಲ ಹೊರಗೆ ಬಿಟ್ಟರು. ದಾರಿ ತೋರಿಸಲು ಬಂದಿದ್ದ ಎಂಜಿನಿಯರ್ ಹುಡುಗಿ ‘ಬಿಡಬೇಕಾಗಿಲ್ಲ ಮೇಡಂ’ ಎಂದಳು. ಅವರು ಕೇಳಿಸಿಕೊಳ್ಳಲಿಲ್ಲ.

ಗೋಡೆಯಗಲದ ಗಾಜಿನ ಆಚೆ ಉಪಗ್ರಹವಿತ್ತು. ಬಟ್ಟೆಯ ಬೀರುವಿನಷ್ಟು ದೊಡ್ಡದು. ಒಂದು ಮಗ್ಗುಲಿಗೆ ಚಿನ್ನದ ಬಣ್ಣದ ಹಾಳೆ ಹೊದಿಸಿದ್ದರು. ಇನ್ನೊಂದು ಮಗ್ಗುಲು ತೆರೆದಿತ್ತು, ಒಳಗೆ ತಂತಿಯ ಕಟ್ಟುಗಳು. ಬಿಳಿಯ ಮುಸುಕಿನ ಇಬ್ಬರು ಅದರ ಸುತ್ತ ನಿಧಾನವಾಗಿ ಓಡಾಡುತ್ತಿದ್ದರು. ಉಳಿದ ಷೇರುದಾರರು ಇಂಥದ್ದು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಲಾಭದ ಅಂತರ ಎಷ್ಟು ಎಂದು ಕೇಳಿದರು. ಮಹಾದೇವಮ್ಮ ಗಾಜಿನ ಮುಂದೆ ಕೈ ಮುಗಿದು ನಿಂತರು. ನೋಡಬೇಕೆಂದುಕೊಂಡದ್ದನ್ನು ನೋಡುತ್ತಿದ್ದರು. ಒಂದಷ್ಟು ಹೊತ್ತಾದ ಮೇಲೆ, ತಾನು ನೋಡಬೇಕೆಂದುಕೊಂಡದ್ದು ಇದಲ್ಲ ಎಂದು ಅವರಿಗೆ ಗೊತ್ತಾಯಿತು.

‘ಕಾಯಿಲ್ ಸುತ್ತೋದು ಎಲ್ಲಿ ಕಣವ್ವ?’

‘ಅದು ಇವತ್ತಿನ ಸುತ್ತಾಟದಲ್ಲಿ ಇಲ್ಲ ಮೇಡಂ.’

‘ಈಗ್ಲೂ ಕೈಯಲ್ಲೇ ಸುತ್ತುತಾರಾ?’

‘ಕೆಲವನ್ನ ಕೈಯಲ್ಲೇ.’

‘ಬಾಗ್ಲಿಂದ ನೋಡ್ತಿನಿ. ಒಳಕ್ಕೆ ಬರಾಕಿಲ್ಲ.’

ಹುಡುಗಿ ಆಚೀಚೆ ನೋಡಿ, ಉಳಿದವರನ್ನು ಊಟದ ಕೋಣೆಗೆ ಕಳಿಸಿ, ಅವರನ್ನು ಒಂದು ಉದ್ದದ ಮೊಗಸಾಲೆಯಲ್ಲಿ ಕರೆದೊಯ್ದಳು. ತುದಿಯ ಬಾಗಿಲಿನಲ್ಲಿ ಅಂಗೈಯಗಲದ ಗಾಜು. ಅದರಿಂದ ಕಂಡದ್ದು ಸಾಲಾಗಿ ಕೂತ ಕೆಲವು ಹೆಂಗಸರ ಬೆನ್ನು, ಟೋಪಿ ಹಾಕಿದ ತಲೆ, ದೀಪದ ಬೆಳಕಿನಲ್ಲಿ ಆಡುವ ಬೆರಳ ತುದಿ. ಯಾರೂ ತಿರುಗಲಿಲ್ಲ. ಬಾಗಿಲಿನಾಚೆಯ ಸದ್ದು ಈಚೆಗೆ ಬರುವಂತಿರಲಿಲ್ಲ. ಬರುವಂತಿದ್ದರೂ ಅಲ್ಲಿ ಸದ್ದಿರುತ್ತಿರಲಿಲ್ಲ ಎಂದು ಮಹಾದೇವಮ್ಮನಿಗೆ ಗೊತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಕೆಲಸ ಮುಗಿಸಿ ಕತ್ತು ತಿರುಗಿಸಿದಳು. ಗಾಜಿನಲ್ಲಿ ಅವರ ಮುಖ ಕಂಡು, ಅಪರಿಚಿತರಿಗೆ ನಗುವಷ್ಟು ನಕ್ಕಳು. ಹೊಸ ಉಂಗುರ ತೆಗೆದುಕೊಂಡು ಬಗ್ಗಿದಳು.

‘ಹೋಗೋಣವಾ ಮೇಡಂ? ಸಿಟಿಗೆ ಬಿಡೋ ಬಸ್ಸು ಹೊರಡತ್ತೆ.’

ಮರಳಿ ಬರುವಾಗ ಬಸ್ಸು ಮಳವಳ್ಳಿ ದಾಟಿತ್ತು, ಮಹಾದೇವಮ್ಮ ಕಿಟಕಿಯ ಪಕ್ಕ ಕೂತಿದ್ದರು. ಕೆಂಪನಂಜಪ್ಪ ಕಡಲೆಕಾಯಿ ಸುಲಿದು ಅವರ ಕೈಗೆ ಹಾಕುತ್ತಿದ್ದರು.

‘ನೋಡ್ದಾ?’

‘ನೋಡ್ದೆ.’

‘ಎಂಗಿತ್ತು?’

‘ಚೆನ್ನಾಗಿತ್ತು.’ ಕೈಯಲ್ಲಿದ್ದ ಬೀಜ ಬಾಯಿಗೆ ಹಾಕಿಕೊಂಡು, ‘ನನ್ ಜಾಗ್ದಲ್ಲಿ ಯಾವ್ದೋ ಹೆಣ್ಮಗಾ ಕೂತಿತ್ತು’ ಎಂದರು.

ಕೆಂಪನಂಜಪ್ಪ ಹಾಸ್ಯ ಮಾಡಲಿಲ್ಲ. ಆಮೇಲೆ ಅವರು ಷೇರು ಮಾರುವ ಮಾತೂ ಎತ್ತಿಲ್ಲ. ಹೆಂಡತಿ ಹೇಳಿದ್ದರ ಅರ್ಥ ತಮಗೆ ಪೂರ್ತಿ ಆಗಿಲ್ಲ, ಆದರೆ ಮೂವತ್ತು ವರ್ಷ ಜೊತೆಗಿದ್ದ ಒಬ್ಬರಿಗೆ ತಾವು ಅರಿಯದ ಒಂದು ಊರು ಇತ್ತೆಂದು ಅಂದು ತಿಳಿಯಿತು ಎನ್ನುತ್ತಾರೆ.

ಈ ವರ್ಷದ ಮಹಾಸಭೆಯ ಸೂಚನೆ ಆಗಸ್ಟಿನಲ್ಲಿ ಬಂದಿದೆ. ಭಾನುವಾರ ಭವ್ಯಶ್ರೀ ಸತ್ತೇಗಾಲಕ್ಕೆ ಬಂದು ದೊಡ್ಡಮ್ಮನ ಹೆಸರನ್ನು ಮತ್ತೆ ಮಾತಾಡುವವರ ಪಟ್ಟಿಗೆ ಸೇರಿಸಲು ಕುಳಿತಳು. ಪ್ರಶ್ನೆಯನ್ನು ಮೊದಲೇ ಬರೆದು ಕಳಿಸಬೇಕು.

‘ಈ ಸಲ ಏನ್ ಕೇಳ್ಳಿ ದೊಡ್ಡಮ್ಮ? ಬೋನಸ್ಸಾ?’

‘ಬೋನಸ್ಸು ಮುಂಬೈನೋರು ಕೇಳ್ತಾರೆ. ನಂಗೆ ಒಂದೇ ಒಂದು ಉಂಗುರ ಕೊಡ್ಲಿ. ದೀಪ ಹಾಕಿ ಕೂರ್ಸಿ, ಅದು ಮುಗಿಯೋಗಂಟ ಬುಡ್ಲಿ. ಆಮ್ಯಾಕೆ ತಿಪ್ಪೆಗೆ ಬಿಸಾಕುದ್ರೂ ಪರ್ವಾಗಿಲ್ಲ ಅನ್ನು.’

‘ಅಂಗೆಲ್ಲ ಕೊಡಾಕಿಲ್ಲ ದೊಡ್ಡಮ್ಮ. ಅದಕ್ಕೆ ಟ್ರೈನಿಂಗು, ಸರ್ಟಿಫಿಕೇಟು ಎಲ್ಲ ಬೇಕು. ಕಣ್ಣಿನ ಟೆಸ್ಟೂ ಮಾಡ್ತಾರೆ.’

‘ನಂಗೊತ್ತಿಲ್ವಾ?’

ಹಿತ್ತಲಿನಿಂದ ಕೆಂಪನಂಜಪ್ಪ ಯಾವುದಕ್ಕೋ ಕೂಗಿದರು. ಮಹಾದೇವಮ್ಮ ಓಗೊಟ್ಟು ಎದ್ದರು, ಬಾಗಿಲ ತನಕ ಹೋಗಿ ತಿರುಗಿ ನಿಂತರು.

‘ಕೊಡಾಕಿಲ್ಲ ಅಂತ ಗೊತ್ತು ಕಣವ್ವ. ನೀನು ಬರಿ.’